ಪಗಾರದ ಜೊತೆ ನಿದ್ದೆಯನ್ನೂ ಬರೆಸಿಕೊಳ್ಳಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಿಂದ ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಸಾರಿಗೆ ಕೆಲಸದವರ ಮನೆಗಳಿಂದ ಬಂದಿವೆ. ಬಸ್ಸು ಓಡಿಸುವವರು, ಟಿಕೆಟು ಹರಿಯುವವರು, ವಿಮಾನ ಹಾರಿಸುವ ಒಬ್ಬ ಹುಡುಗ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಕಾರ್ಮಿಕ ಪ್ರಕರಣಗಳನ್ನು ನಡೆಸುವ ನಮ್ಮ ವಕೀಲರು ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ವಕೀಲ ಸಾಹೇಬರಿಗೆ ನಮಸ್ಕಾರ. ನಮ್ಮ ಮನಿಯವರು ಬಸ್ ಡ್ರೈವರ್ ಅದಾರ. ಡಿಪೋ ಬ್ಯಾರೆ ಊರಾಗ ಐತಿ, ನಾನು ಮಕ್ಕಳನ್ನ ಕಟಿಗೊಂಡು ಇಲ್ಲೇ ಇರತೀನಿ. ವಸ್ತಿ ಬಸ್ಸಿನ ಡ್ಯೂಟಿ ಇದ್ದಾಗ ಎರಡು ಮೂರು ದಿನಕ್ಕೊಮ್ಮೆ ಮನಿಗೆ ಬರತಾರ. ಬಂದರ ಬರೇ ನಿದ್ದಿ. ಮಕ್ಕಳು ಮಾತಾಡಿಸಿದರ ಸಿಟ್ಟು. ಜಾತ್ರಿ ಬಂತಂದ್ರ ಡಬಲ್ ಡ್ಯೂಟಿ. ರೊಕ್ಕ ಬರತೈತಿ ಅಂತ ಅವರೂ ಹೂಂ ಅಂತಾರ. ಹಿಂಗ ಆದ್ರ ಮನಿ ಉಳಿಯೂದು ಹೆಂಗ್ರಿ? ಇದಕ್ಕ ಕಾನೂನಿನ್ಯಾಗ ಏನರ ಐತೇನು, ಇಲ್ಲಾ ಇದು ನಮ್ಮ ಹಣೇಬರಾನ?
(ಒಬ್ಬ ಗೃಹಿಣಿ, ಜಮಖಂಡಿ)

ಉತ್ತರ: ಹಣೆಬರಹ ಅಲ್ಲ ತಾಯಿ. ನಿಮ್ಮ ಪ್ರಶ್ನೆಗೆ ಕಾನೂನು 1961ರಲ್ಲೇ ಉತ್ತರ ಬರೆದಿಟ್ಟಿತ್ತು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಡ್ಯೂಟಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಇತ್ತು. ದೂರದ ಮಾರ್ಗ, ಜಾತ್ರೆ-ಹಬ್ಬದಂಥ ಸಂದರ್ಭದಲ್ಲಿ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54ರ ತನಕ ಹೋಗಬಹುದಿತ್ತು. ಸತತ 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಇವತ್ತಿನ ಡ್ಯೂಟಿ ಮುಗಿದು ನಾಳೆಯದು ಶುರುವಾಗುವ ನಡುವೆ ಕಡಿಮೆಯೆಂದರೂ 9 ಗಂಟೆ ಬಿಡುವು. ಬಸ್ಸು ನಿಲ್ಲಬಾರದೆಂದು ವಾರದ ರಜೆಯಲ್ಲಿ ಕರೆಸಿಕೊಂಡರೂ ಒಂದೇ ಸಮನೆ 10 ದಿನಕ್ಕಿಂತ ಹೆಚ್ಚು ದುಡಿಸುವಂತಿರಲಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಈ ಕಾಯ್ದೆಯ ಜಾಗವನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ತೆಗೆದುಕೊಂಡಿದೆ. 8 ಗಂಟೆಯ ಮಿತಿ, 10 ದಿನದ ಮಿತಿ, ಹೆಚ್ಚಿನ ದುಡಿತಕ್ಕೆ ದುಪ್ಪಟ್ಟು ಪಗಾರ ಅದರಲ್ಲೂ ಇವೆ. ಹೆಚ್ಚು ಹೊತ್ತು ದುಡಿಸಲು ಕಾರ್ಮಿಕನ ಒಪ್ಪಿಗೆ ಬೇಕೆಂದೂ ಅದು ಹೇಳುತ್ತದೆ.

ತೊಡಕಿರುವುದು ಈ ಒಪ್ಪಿಗೆಯಲ್ಲೇ. ನಿಮ್ಮವರು ‘ಹೂಂ’ ಅನ್ನುವುದು ಡ್ಯೂಟಿಯ ಮೇಲಿನ ಆಸೆಯಿಂದಲ್ಲ, ಪಗಾರ ಸಾಲದ್ದರಿಂದ. ನಮ್ಮ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕು. 2020ರ ಜನವರಿ 1ಕ್ಕೆ ಆಗಬೇಕಾಗಿದ್ದ ಪರಿಷ್ಕರಣೆಯ ಆದೇಶ ಹೊರಬಿದ್ದದ್ದು 2023ರ ಮಾರ್ಚ್‌ನಲ್ಲಿ, ಮೂಲ ವೇತನದ ಮೇಲೆ ಶೇ 15. ಅದನ್ನು 2020ರಿಂದಲೇ ಲೆಕ್ಕ ಹಿಡಿದರೂ ನಡುವಿನ 38 ತಿಂಗಳ ಬಾಕಿ ಕೈಗೆ ಬರಲಿಲ್ಲ. 2025ರ ಆಗಸ್ಟ್ 5ರ ಮುಷ್ಕರದಲ್ಲೂ ಅದೇ ಬೇಡಿಕೆ ಇತ್ತು. ಅಷ್ಟು ಹೊತ್ತಿಗೆ 2024ರ ಜನವರಿಯಿಂದ ಆಗಬೇಕಾದ ಮುಂದಿನ ಪರಿಷ್ಕರಣೆಯೂ ಬಾಕಿ ಬಿದ್ದಿತ್ತು. ಒಪ್ಪಂದ ಹೀಗೆ ವರ್ಷಗಟ್ಟಲೆ ಮುಂದೆ ಹೋದಾಗ ಆ ಕೊರತೆಯನ್ನು ತುಂಬಿಕೊಡುವುದು ಮನೆ. ತಂದೆಯ ನಿದ್ದೆ, ಮಕ್ಕಳ ಜೊತೆಗಿನ ರವಿವಾರ, ನಿಮ್ಮ ಸಮಾಧಾನ, ಇವೆಲ್ಲ ಯಾವ ಮಾತುಕತೆಯ ಕಡತಕ್ಕೂ ಸೇರದೆ ಖರ್ಚಾಗಿ ಹೋಗುತ್ತವೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಿಮ್ಮ ತಾಲೂಕು ಕಣ್ಣಾರೆ ಕಂಡಿದೆ. 2020ರ ಡಿಸೆಂಬರ್‌ನಲ್ಲಿ ನೌಕರರ ಮುಷ್ಕರದಿಂದ ನಾಲ್ಕು ದಿನ ಬಸ್ಸು ನಿಂತಾಗ ಸರಕಾರ ಹತ್ತರಲ್ಲಿ ಒಂಬತ್ತು ಬೇಡಿಕೆಗಳಿಗೆ ಒಪ್ಪಿಗೆ ಕೊಟ್ಟಿತು. ಕೊಟ್ಟ ಮಾತು ನಡೆಯಲಿಲ್ಲವೆಂದು 2021ರ ಏಪ್ರಿಲ್ 7ರಿಂದ ಮತ್ತೆ ಮುಷ್ಕರ ಶುರುವಾಯಿತು. ಅದರ ಹತ್ತನೆಯ ದಿನ, ಏಪ್ರಿಲ್ 16ರಂದು, ವಿಜಯಪುರದಿಂದ ಜಮಖಂಡಿಗೆ ಬರುತ್ತಿದ್ದ ಬಸ್ಸಿಗೆ ಕವಟಗಿ ಹತ್ತಿರ ಕಲ್ಲು ಬಿದ್ದು ಚಾಲಕರೊಬ್ಬರು ಜೀವ ಬಿಟ್ಟರು. ಡ್ಯೂಟಿಗೆ ಹೋದವರು, ಹೋಗದವರು, ಇಬ್ಬರೂ ಒಂದೇ ಓಣಿಯಲ್ಲಿ ಬದುಕುವವರು, ಒಂದೇ ಮದುವೆಯಲ್ಲಿ ಕೂತು ಉಂಡವರು. ಆ ಸಾವನ್ನು ನೆನೆಯದೆ ನಾನು ಯಾವ ಸಾರಿಗೆ ನೌಕರನಿಗೂ ಸಲಹೆ ಕೊಡುವುದಿಲ್ಲ. ಮುಷ್ಕರ ಮಾಡುವುದು ಹಕ್ಕು. ಬಸ್ಸು ತೆಗೆದವನ ಮೇಲೆ ಕೈ ಎತ್ತುವ ಹಕ್ಕು ಯಾರಿಗೂ ಇಲ್ಲ.

ಈಗ ನೀವು ಮಾಡಬೇಕಾದ ಕೆಲಸ. ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ದಿನಾಂಕ, ಡಿಪೋಕ್ಕೆ ಹಾಜರಾದ ಹೊತ್ತು, ಬಿಟ್ಟ ಹೊತ್ತು, ಮಾರ್ಗ, ವಸ್ತಿ ಎಲ್ಲಿ, ರಜೆ ಕೇಳಿದ ದಿನ, ಸಿಕ್ಕಿತೋ ಇಲ್ಲವೋ. ಅವರಿಗೆ ಪುರುಸೊತ್ತಿಲ್ಲದಿದ್ದರೆ ಫೋನಿನಲ್ಲಿ ಕೇಳಿ ನೀವೇ ಬರೆಯಿರಿ. ವಾರದ ರಜೆಯಲ್ಲಿ ದುಡಿಸಿಕೊಂಡರೆ ಬದಲಿ ರಜೆಯನ್ನು ಬಾಯಿಮಾತಿನಲ್ಲಿ ಕೇಳುವುದು ಬೇಡ. ಒಂದು ಸಾಲಿನ ಅರ್ಜಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಂಡು ಬರಲಿ. ಮೂರು ತಿಂಗಳು ಹೀಗೆ ಬರೆದಿಟ್ಟರೆ ಸಂಘದವರ ಹತ್ತಿರ, ಬೇಕಾದರೆ ಕಾರ್ಮಿಕ ಅಧಿಕಾರಿಯ ಹತ್ತಿರ ಇಡಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ. ಬಹಳ ಪ್ರಕರಣಗಳು ಸೋಲುವುದು ನ್ಯಾಯವಿಲ್ಲದೆ ಅಲ್ಲ, ಇಂಥ ನೋಟ್‌ಬುಕ್ ಇಲ್ಲದೆ.

ಸಿಟ್ಟಿನ ಮಾತಿಗೆ ಬರುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ರಸ್ತೆ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿ ಇಲ್ಲ, ಪಕ್ಕಕ್ಕೆ ಜೋತುಬಿದ್ದ ಕಬ್ಬು ಬಸ್ಸಿನ ಗಾಜಿಗೆ ತಾಗುವಷ್ಟು ಹತ್ತಿರ. ಅದರ ಹಿಂದೆ ಐವತ್ತು ಜನರನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ಬಂದವನಿಗೆ ಮನೆಯ ಗದ್ದಲ ಸಹಿಸುವ ಶಕ್ತಿ ಉಳಿದಿರುವುದಿಲ್ಲ. ಅದು ನಿಮ್ಮ ಮೇಲಿನ ದ್ವೇಷವಲ್ಲ, ನಿದ್ದೆಯ ಸಾಲ. ಮೊದಲು ಮಲಗಲಿ. ಎದ್ದ ಮೇಲಿನ ಒಂದು ಹೊತ್ತಿನ ಊಟವನ್ನು, ಬೆಳಗಾಗಲಿ ಸಂಜೆಯಾಗಲಿ, ಎಲ್ಲರೂ ಕೂಡಿ ಮಾಡುವುದೆಂದು ಗಟ್ಟಿ ಮಾಡಿ. ಹಗಲಲ್ಲೂ ತೂಕಡಿಕೆ, ಜೋರು ಗೊರಕೆ ಇದ್ದರೆ ವೈದ್ಯರಿಗೆ ತೋರಿಸಿ. ಬಿಪಿ, ಸಕ್ಕರೆ ಎರಡನ್ನೂ ನೋಡಿಸಿ. ಡಬಲ್ ಡ್ಯೂಟಿಗೆ ಅವರು ಮುಂದಿನ ಸಲ ಒಪ್ಪುವ ಮೊದಲು ನಿಮ್ಮನ್ನು ಒಂದು ಮಾತು ಕೇಳಲಿ. ಆ ರೊಕ್ಕದಲ್ಲಿ ನಿಮ್ಮ ಪಾಲಿನ ದುಡಿತವೂ ಸೇರಿದೆ.

ಪ್ರಶ್ನೆ: ಮಗ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್. ಅವನ ತರಬೇತಿಗೆ ಕಬ್ಬಿನ ಹೊಲ ಮಾರಿದ್ದೇವೆ, ಬ್ಯಾಂಕಿನ ಸಾಲ ಇನ್ನೂ ಇದೆ. ಈಗ ಕಂಪನಿ ಕಷ್ಟದಲ್ಲಿದೆಯಂತೆ. ಹಾರಾಟದ ಭತ್ಯೆ ಇಳಿಸಿ, ಬಾಂಡನ್ನು ಇನ್ನೆರಡು ವರ್ಷ ಬೆಳೆಸಿ, ಬೇಸನ್ನು ದೂರದ ಊರಿಗೆ ಬದಲಿಸುವ ಹೊಸ ಕರಾರಿಗೆ ಸಹಿ ಕೇಳುತ್ತಿದ್ದಾರೆ. ಸೊಸೆಗೆ ಏಳು ತಿಂಗಳು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆಂದು ಮಗ ಹೆದರಿದ್ದಾನೆ. ಏನು ಮಾಡಬೇಕು?
(ಒಬ್ಬ ರೈತ, ಮುಧೋಳ)

ಉತ್ತರ: ಯಜಮಾನರೇ, ಉಡಾನ್ ಯೋಜನೆ ಬಂದ ಮೇಲೆ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಯಿಂದ ಸಣ್ಣ ವಿಮಾನಗಳು ಹಾರತೊಡಗಿ ನಮ್ಮ ಕಡೆಯ ಹುಡುಗರಿಗೂ ಈ ಕೆಲಸದ ಆಸೆ ಹುಟ್ಟಿತು. ಹೊಲ ಮಾರಿ ಓದಿಸಿದ ನಿಮ್ಮ ಧೈರ್ಯ ದೊಡ್ಡದು. ಅದೇ ಹೊಲದ ನೆನಪಿನಲ್ಲಿ ಮಗ ಅವಸರದ ಸಹಿ ಹಾಕಬಾರದು.

ಕೇಳಿರುವ ಮೂರನ್ನೂ ಬೇರೆ ಬೇರೆ ಮಾಡಿ ನೋಡೋಣ. ಭತ್ಯೆಯ ಕಡಿತ ರೊಕ್ಕದ ವಿಷಯ. ಒಪ್ಪಬಹುದು, ಆದರೆ ಯಾವ ತಾರೀಖಿನ ತನಕ, ಆಮೇಲೆ ಮೊದಲಿನ ದರ ತಾನಾಗಿ ಮರಳುತ್ತದೆಯೇ, ಕಡಿತ ಮೇಲಿನವರಿಗೂ ಇದೆಯೇ ಎಂಬ ಮೂರು ಸಾಲು ಕರಾರಿನಲ್ಲೇ ಇರಬೇಕು. ‘ಕಂಪನಿ ಸುಧಾರಿಸಿದ ಮೇಲೆ’ ಎಂಬ ಮಾತಿಗೆ ತಾರೀಖಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸಿನ ಹಾರಾಟ ಪರವಾನಗಿ 2012ರ ಅಕ್ಟೋಬರ್‌ನಲ್ಲಿ ಅಮಾನತಾಗುವ ಮೊದಲು ಪೈಲಟ್‌ಗಳು, ಎಂಜಿನಿಯರುಗಳು ತಿಂಗಳುಗಟ್ಟಲೆ ಪಗಾರವಿಲ್ಲದೆ ದುಡಿದಿದ್ದರು. ಬಾಕಿಗಾಗಿ ಅವರು ಎಷ್ಟೋ ವರ್ಷ ಅಲೆದರು.

ಬಾಂಡ್ ಇದಕ್ಕಿಂತ ಭಾರ. ಕಂಪನಿ ತರಬೇತಿಗೆ ಖರ್ಚು ಮಾಡಿದ್ದರೆ ಅದಕ್ಕೆ ತಕ್ಕ ಬಾಂಡ್ ಕೇಳಬಹುದು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದ, ಎರಡು ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಹಾಗಾಗಿ ‘ಬಾಂಡಿಗೆ ಬೆಲೆಯಿಲ್ಲ, ಸಹಿ ಹಾಕು’ ಎನ್ನುವ ಗೆಳೆಯರ ಮಾತು ಕೇಳಬೇಡಿ. ಅದೇ ಹೊತ್ತಿಗೆ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕಂಪನಿಗೆ ಸಿಗುವುದು ನ್ಯಾಯವಾದ ಪರಿಹಾರ; ಬಾಂಡಿನಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ನನ್ನ ಪ್ರಶ್ನೆ ಇಷ್ಟೇ: ಹೊಸ ಎರಡು ವರ್ಷಕ್ಕೆ ಹೊಸ ತರಬೇತಿ ಏನು ಕೊಡುತ್ತಿದ್ದಾರೆ? ಏನೂ ಇಲ್ಲವಾದರೆ ವರ್ಷಗಳನ್ನು ಬಿಟ್ಟುಕೊಡಬೇಡಿ. ಕೆಲಸ ಬಿಡುವ ಮೊದಲು ಕೊಡಬೇಕಾದ ನೋಟಿಸಿನ ಅವಧಿಯೇ ಸಾಕಷ್ಟು ಉದ್ದವಿದೆ. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ಅದನ್ನು ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳು ಎಂದು ಮಾಡಿದೆ.

ಮೂರನೆಯದು ಬೇಸಿನ ಬದಲಾವಣೆ. ಅದಕ್ಕೆ ಮೊದಲು ಒಂದು ಮಾತು: ಹೊಸ ಕರಾರು ವಿಶ್ರಾಂತಿಯನ್ನು ಮುಟ್ಟಿದರಂತೂ ರಾಜಿ ಕೂಡದು. ಡಿಜಿಸಿಎಯ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದೆ, ರಾತ್ರಿ ಹಾರಾಟದ ಮಿತಿ ಬಿಗಿ ಮಾಡಿದೆ. 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾಗಿ ಜನ ನಿಲ್ದಾಣದಲ್ಲೇ ಮಲಗಿದರಲ್ಲ, ಆ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದೆ ಇದ್ದದ್ದು ಅದರ ದೊಡ್ಡ ಕಾರಣ. ದೇಶದ ಅತಿದೊಡ್ಡ ವಿಮಾನ ಕಂಪನಿಗೇ ಪೈಲಟ್‌ಗಳ ನಿದ್ದೆಯ ಬೆಲೆ ಒಂದೇ ವಾರದಲ್ಲಿ ತಿಳಿಯಿತು. ಮಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಿಗೆ ಕೂರಲಿ. ಬೇಸ್ ಬದಲಾವಣೆಯನ್ನು ಹೆರಿಗೆಯ ನಂತರದ ಆರು ತಿಂಗಳಿಗೆ ಮುಂದೂಡಿ ಎಂದು ಇಮೇಲ್ ಬರೆಯಲಿ. ಸೊಸೆಯ ವೈದ್ಯರ ಚೀಟಿ ಜೊತೆಗಿರಲಿ. ಭತ್ಯೆಯಲ್ಲಿ ಬಗ್ಗಲು ತಯಾರಿದ್ದೇನೆ, ಇದರಲ್ಲಿ ನೀವು ಬಗ್ಗಿ ಎನ್ನುವ ಮಾತಿಗೆ ತೂಕವಿದೆ. ಆಗಿರುವ ಕರಾರನ್ನು ಬದಲಿಸಲು ಇಬ್ಬರ ಒಪ್ಪಿಗೆಯೂ ಬೇಕು ಎಂಬುದನ್ನು ಅವನು ಮರೆಯದಿರಲಿ. ಸಹಿಗೆ ಮೊದಲು ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಹೋದ ಮನೆ ನಮ್ಮದು. ನಾನು ಬೆಂಗಳೂರಿನಲ್ಲಿ ಸಿಟಿ ಬಸ್ ಕಂಡಕ್ಟರ್, ಹೆಂಡತಿ-ಮಗಳು ಬೀಳಗಿಯಲ್ಲಿ. ಪರಸ್ಪರ ವರ್ಗಾವಣೆಗೆ ಆ ಕಡೆಯ ಒಬ್ಬರು ಸಿಕ್ಕಿದ್ದಾರೆ. ಹಿರಿತನ ಹೋಗುತ್ತದೆ, ಬೇಡ ಎನ್ನುತ್ತಾರೆ ಜೊತೆಯವರು. ಏನು ಮಾಡಲಿ ಸರ್?
(ಒಬ್ಬ ನಿರ್ವಾಹಕ, ಬೀಳಗಿ)

ಉತ್ತರ: ತಮ್ಮಾ, ಬಂದುಬಿಡು. ಮಗಳು ಎಷ್ಟು ದೊಡ್ಡವಳೆಂದು ನೀನು ಬರೆದಿಲ್ಲ. ಇನ್ನೂ ಶಾಲೆಗೆ ಹೋಗುವವಳಾದರೆ ನಾನು ಎರಡನೇ ಸಲ ಯೋಚಿಸುವುದಿಲ್ಲ.

ಸ್ವಂತ ಕೋರಿಕೆಯ ಮೇಲೆ ಒಂದು ನಿಗಮದಿಂದ ಇನ್ನೊಂದಕ್ಕೆ ಹೋದಾಗ ಸಾಮಾನ್ಯವಾಗಿ ಹಿರಿತನದ ಪಟ್ಟಿಯಲ್ಲಿ ಕೊನೆಗೆ ನಿಲ್ಲಬೇಕಾಗುತ್ತದೆ. ಬಡ್ತಿ ತಡವಾಗುತ್ತದೆ. ಒಳ್ಳೆಯ ಮಾರ್ಗ ಸಿಗುವುದೂ ತಡ. ಅದು ನಿಜವಾದ ನಷ್ಟವೇ. ಆದರೆ ಬೆಂಗಳೂರಿನ ಬಾಡಿಗೆ, ಎರಡು ಕಡೆಯ ಅಡಿಗೆ, ಹಬ್ಬಕ್ಕೊಮ್ಮೆ ರಾತ್ರಿಯಿಡೀ ಪ್ರಯಾಣ, ಇವನ್ನೂ ಒಂದು ಹಾಳೆಯ ಮೇಲೆ ಬರೆದು ಕೂಡಿಸಿ ನೋಡು. ಆದೇಶ ಕೈಗೆ ಬಂದಾಗ ಮೂಲ ವೇತನ ಹಾಗೇ ಉಳಿಯುತ್ತದೆಯೇ, ಗ್ರಾಚ್ಯುಟಿಗೆ ಹಿಂದಿನ ಸೇವೆ ಸೇರುತ್ತದೆಯೇ, ಉಳಿದ ರಜೆ ವರ್ಗವಾಗುತ್ತದೆಯೇ ಎಂಬುದನ್ನು ಓದು. ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಇರಲಿ, ಹಳೆಯ ಖಾತೆಯ ಹಣ ಹೊಸದಕ್ಕೆ ಬರಲಿ. ಪರಸ್ಪರ ವರ್ಗಾವಣೆಗೆ ಕಾಸು ಕೇಳುವ ಮಧ್ಯವರ್ತಿಗಳಿದ್ದಾರೆ. ಅಂಥವರ ಹತ್ತಿರ ಹೋಗಬೇಡ.

ಪ್ರಶ್ನೆ: ನಾವು ನೇಕಾರರು. ಸೀರೆಗೆ ಮೊದಲಿನ ಬೇಡಿಕೆ ಇಲ್ಲ. ಮಗ ಹೆವಿ ಲೈಸೆನ್ಸ್ ಮಾಡಿಸಿ ಏಜೆನ್ಸಿ ಮೂಲಕ ಗುತ್ತಿಗೆ ಡ್ರೈವರ್ ಆಗಿ ಸೇರಿದ್ದಾನೆ. ಎರಡು ಪವರ್‌ಲೂಮ್ ಮಾರಿ ಮನೆಯ ಸಾಲ ತೀರಿಸಲೇ?
(ಬನಹಟ್ಟಿ)

ಉತ್ತರ: ಮಗನ ಹತ್ತಿರ ನೇಮಕಾತಿ ಪತ್ರ ಇದೆಯೇ? ಮೊದಲ ಉತ್ತರದಲ್ಲಿ ಹೇಳಿದ ಹೊಸ ಸಂಹಿತೆಯಲ್ಲಿ ಅದು ಕಡ್ಡಾಯ. ಏಜೆನ್ಸಿಯವರು ಪಗಾರದಿಂದ ಪಿಎಫ್ ಹಿಡಿಯುತ್ತಿದ್ದರೆ ಅಷ್ಟೇ ಮೊತ್ತವನ್ನು ತಾವೂ ತುಂಬಬೇಕು. ತುಂಬಿದ್ದಾರೋ ಇಲ್ಲವೋ ಎಂದು ಉಮಂಗ್ ಆ್ಯಪಿನಲ್ಲಿ ಮಗನೇ ನೋಡಬಹುದು. ತಿಂಗಳ ವೇತನ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ ವ್ಯಾಪ್ತಿಗೆ ಬರಬೇಕು. ಆಗ ಸೊಸೆ-ಮೊಮ್ಮಕ್ಕಳಿದ್ದರೆ ಅವರಿಗೂ, ಮಗನನ್ನೇ ಅವಲಂಬಿಸಿದ್ದರೆ ನಿಮಗೂ ಔಷಧೋಪಚಾರ ಸಿಗುತ್ತದೆ. ಏಜೆನ್ಸಿ ಪಗಾರ ಕೊಡದೆ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕೆಂಬ ಹೊಣೆಯನ್ನು ಕಾನೂನು ಹೊರಿಸಿದೆ. ಅದಕ್ಕಾಗಿ ಹಾಜರಿಯ ಲೆಕ್ಕ, ಬ್ಯಾಂಕಿಗೆ ಬಂದ ಪಗಾರದ ದಾಖಲೆ ಜೋಪಾನವಾಗಿರಲಿ. ಕಾಯಂ ಚಾಲಕರಿಗೆ ಇರುವ 8 ಗಂಟೆಯ ಮಿತಿ ಅವನಿಗೂ ಇದೆ. ಗುತ್ತಿಗೆಯವನೆಂದು ರಾತ್ರಿ ಡ್ಯೂಟಿಯನ್ನೆಲ್ಲ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ.

ಗುತ್ತಿಗೆ ಎಷ್ಟು ತಿಂಗಳದ್ದು, ನವೀಕರಣ ಯಾರ ಕೈಯಲ್ಲಿದೆ ಎಂದು ತಿಳಿಯುವ ತನಕ ಎರಡೂ ಮಗ್ಗ ಮಾರಬೇಡಿ. ಸಾಲದ ಬಡ್ಡಿ ತಡೆಯಲಾಗದಿದ್ದರೆ ಒಂದನ್ನು ಮಾರಿ, ಇನ್ನೊಂದನ್ನು ಮೊದಲ ನವೀಕರಣ ಆಗುವವರೆಗಾದರೂ ಓಡಿಸುತ್ತಿರಿ.