ಕಾಚಬಿಂದು: ಹೊಸ ಚಿಕಿತ್ಸೆಗಳ ಸಂಶೋಧನೆ ಮತ್ತು ನಾವು

ಘೋಡಬಂದರ್ ರಸ್ತೆ ಹೆದ್ದಾರಿಯನ್ನು ಕೂಡುವ ಈ ಮಾಜಿವಾಡಾ ಪರಿಸರದ ಕನ್ನಡಿಗರ ಮನೆಗಳಿಗೆ ಊರಿನಿಂದ ವೃದ್ಧ ತಂದೆತಾಯಿಗಳು ಬಂದು ಕೆಲಕಾಲ ಇರುವುದು ವಾಡಿಕೆ. ಕಣ್ಣು ಮಂಜಾಯಿತೆಂದು ಅವರನ್ನು ಇಲ್ಲಿಯ ವೈದ್ಯರಲ್ಲಿಗೆ ಕರೆದೊಯ್ದಾಗ ಎರಡು ಮರಾಠಿ ಹೆಸರುಗಳು ಕಿವಿಗೆ ಬೀಳುವುದುಂಟು: ‘ಮೋತಿಬಿಂದು’ ಮತ್ತು ‘ಕಾಚಬಿಂದು’. ಮೊದಲನೆಯದು ನಾವು ಕಣ್ಣಿನ ಪೊರೆ ಎನ್ನುವ ಕಾಯಿಲೆ, ಎರಡನೆಯದು ಗ್ಲಾಕೋಮ. ಹೆಸರಿನ ಸಾಮ್ಯದಿಂದ ಎರಡೂ ಒಂದೇ ಎಂದು ಭಾವಿಸಿ, ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎಂದು ಕಾಯುವುದು ಅಪಾಯಕರ. ಪೊರೆಯಿಂದ ಮಸುಕಾದ ದೃಷ್ಟಿ ಶಸ್ತ್ರಕ್ರಿಯೆಯಿಂದ ಸಾಮಾನ್ಯವಾಗಿ ಮರಳುತ್ತದೆ. ಗ್ಲಾಕೋಮದಿಂದ ಹೋದ ದೃಷ್ಟಿಯನ್ನು ಮರಳಿಸುವ ಚಿಕಿತ್ಸೆ ಇಂದಿಗೂ ಇಲ್ಲ.

ರೋಗದ ಸ್ವರೂಪ

ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗುತ್ತ, ಜರಡಿಯಂಥ ಸೂಕ್ಷ್ಮ ದಾರಿಯಿಂದ ಹೊರಹರಿಯುತ್ತಿರುತ್ತದೆ. ಆ ದಾರಿಗೆ ಅಡ್ಡಿಯಾದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಕ್ರಮೇಣ ಸವೆಯುತ್ತದೆ. ಸಾಮಾನ್ಯ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್. ಒತ್ತಡ ಈ ಮಿತಿಯೊಳಗಿದ್ದರೂ ಕೆಲವರಿಗೆ ರೋಗ ಬರುವುದುಂಟು. ಮೊದಲು ಕುಂದುವುದು ಪಕ್ಕದ ನೋಟ. ಅನೇಕರಿಗೆ ನೋವಿಲ್ಲ, ಕೆಂಪಿಲ್ಲ. ಆದ್ದರಿಂದ ರೋಗಿಗೆ ಅರಿವೇ ಆಗುವುದಿಲ್ಲ. ತಮಿಳುನಾಡಿನ ಗ್ರಾಮಗಳಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸಾಮಾನ್ಯ ಬಗೆಯ ಗ್ಲಾಕೋಮವಿದ್ದವರ ಪೈಕಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದು ಅಲ್ಲಿಯವರೆಗೆ ಪತ್ತೆಯಾಗಿರಲಿಲ್ಲ.

ಸಂಶೋಧನೆ ತೋರಿಸಿಕೊಟ್ಟದ್ದೇನು?

ಈ ರೋಗದ ಚಿಕಿತ್ಸೆಯ ಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೂ ಸ್ಥಾನವಿದೆ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಆರ್. ಎಚ್. ಎಲಿಯಟ್ ಅವರು 1909ರಲ್ಲಿ ಕಣ್ಣಿನ ಗೋಡೆಯಲ್ಲಿ ಚಿಕ್ಕ ರಂಧ್ರ ಕೊರೆದು ದ್ರವಕ್ಕೆ ದಾರಿ ಮಾಡುವ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಹನಿಮದ್ದುಗಳಲ್ಲಿ ಅಮೆರಿಕೆಯಲ್ಲಿ 1978ರಲ್ಲಿ ಟಿಮೊಲಾಲ್, 1996ರಲ್ಲಿ ಲ್ಯಾಟನೊಪ್ರೊಸ್ಟ್ ಮಂಜೂರಾದವು.

ಆದರೆ ಒತ್ತಡವನ್ನು ಇಳಿಸಿದರೆ ದೃಷ್ಟಿಯೂ ಉಳಿಯುವುದೇ? ಬ್ರಿಟನ್ನಿನಲ್ಲಿ 516 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾಟನೊಪ್ರೊಸ್ಟ್, ಇನ್ನೊಂದಕ್ಕೆ ಔಷಧವಿಲ್ಲದ ಹನಿ ಕೊಟ್ಟು ಪರೀಕ್ಷಿಸಲಾಯಿತು. ಯಾರಿಗೆ ಯಾವುದು ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಏರ್ಪಾಡಾಗಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷಗಳಲ್ಲಿ ಔಷಧವಿಲ್ಲದವರಲ್ಲಿ ನೂರಕ್ಕೆ ಸುಮಾರು 26 ಮಂದಿಯ ನೋಟ ಕುಗ್ಗಿತ್ತು. ಔಷಧ ಪಡೆದವರಲ್ಲಿ ಸುಮಾರು 15 ಮಂದಿಯದು ಮಾತ್ರ. 2019ರಲ್ಲಿ ಪ್ರಕಟವಾದ 718 ರೋಗಿಗಳ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ ಆರಂಭದಲ್ಲೇ ಲೇಸರ್ ಕಿರಣ ಚಿಕಿತ್ಸೆ ಪಡೆದವರ ಪೈಕಿ ನೂರಕ್ಕೆ ಸುಮಾರು 74 ಮಂದಿಯ ಒತ್ತಡ ಮೂರು ವರ್ಷಗಳ ತರುವಾಯವೂ ಹನಿಮದ್ದಿಲ್ಲದೆ ಹತೋಟಿಯಲ್ಲಿತ್ತು. ಬಿ3 ಜೀವಸತ್ವ ನರವನ್ನು ರಕ್ಷಿಸಬಲ್ಲುದೇ ಎಂಬ ಬಗ್ಗೆಯೂ ಪರೀಕ್ಷೆಗಳು ನಡೆದಿವೆ. ಅಧಿಕ ಪ್ರಮಾಣದಲ್ಲಿ ಅದು ಯಕೃತ್ತಿಗೆ ಹಾನಿ ಮಾಡಬಹುದಾದ್ದರಿಂದ ತಾವಾಗಿಯೇ ಕೊಂಡು ನುಂಗುವುದು ಸಲ್ಲದು.

ಪ್ರಯೋಗಕ್ಕೆ ಕರೆ ಬಂದರೆ

ದೊಡ್ಡ ಆಸ್ಪತ್ರೆಗಳಲ್ಲಿ ಹೊಸ ಔಷಧದ ಪರೀಕ್ಷೆಗೆ ರೋಗಿಗಳನ್ನು ಕೇಳುವುದುಂಟು. ಹೆದರಬೇಕಾಗಿಲ್ಲ, ಅರಿಯದೆ ಒಪ್ಪಲೂ ಬೇಕಾಗಿಲ್ಲ. ಭಾರತದಲ್ಲಿ 2019ರಿಂದ ಜಾರಿಯಲ್ಲಿರುವ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಅವಶ್ಯ. ಲಾಭ, ಅಪಾಯ, ಬೇರೆ ಚಿಕಿತ್ಸೆಗಳ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಕನ್ನಡವನ್ನಷ್ಟೇ ಬಲ್ಲ ತಾಯಿಯ ಮುಂದೆ ಮರಾಠಿ ಅಥವಾ ಇಂಗ್ಲಿಷ್ ಪತ್ರವನ್ನಿಟ್ಟರೆ, ಕನ್ನಡದಲ್ಲಿ ವಿವರಿಸಿರೆಂದು ಕೇಳುವುದು ಹಕ್ಕೇ ಹೊರತು ಉದ್ಧಟತನವಲ್ಲ. ಮಗ ಅವಸರದಿಂದ ‘ಸಹಿ ಹಾಕಮ್ಮಾ’ ಎಂದರೆ ಅದು ಸಮ್ಮತಿಯಾಗದು. ಪ್ರಯೋಗದಿಂದ ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೆ ಅವಕಾಶವಿದೆ.

ನಮ್ಮ ಕರ್ತವ್ಯ

ನಲವತ್ತು ದಾಟಿದವರು, ಅದರಲ್ಲೂ ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗವಿರುವವರು, ಕಣ್ಣಿನ ಒತ್ತಡ, ದೃಷ್ಟಿನರ ಮತ್ತು ಪಕ್ಕದ ನೋಟ ಮೂರನ್ನೂ ಪರೀಕ್ಷಿಸಿಕೊಳ್ಳಬೇಕು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿದರೆ ಸಾಲದು. ಮದ್ದು ಆರಂಭವಾದ ಮೇಲೆ, ವೈದ್ಯರು ಹೇಳದೆ ಬಿಡಬಾರದು. ಜಾತ್ರೆಗೋ ಮದುವೆಗೋ ಊರಿಗೆ ಹೊರಡುವಾಗ ಪೆಟ್ಟಿಗೆಯಲ್ಲಿ ಮೊದಲು ಇಡಬೇಕಾದ್ದು ಹನಿಮದ್ದಿನ ಸೀಸೆ ಮತ್ತು ವೈದ್ಯರ ಚೀಟಿ. ಹದಿನೈದು ದಿನ ಬಿಟ್ಟರೇನಾಯಿತೆಂದು ರೋಗಿ ಭಾವಿಸಬಹುದು. ಒತ್ತಡ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ.

ಹೊಸ ಚಿಕಿತ್ಸೆಗಳು ಬರಲಿ, ಸಂತೋಷ. ಅವು ಬರುವವರೆಗೆ ಇರುವ ದೃಷ್ಟಿಯನ್ನು ಉಳಿಸಿಕೊಂಡವರಿಗಷ್ಟೇ ಅವುಗಳ ಪೂರ್ಣ ಫಲ ದೊರಕೀತು.