ಹಳ್ಳಿಯ ಬಾಗಿಲಿಗೆ ದೂರದ ವೈದ್ಯರು

ಬೆಳೆ ಬಾಡಿದಾಗ ಅನುಭವಿ ರೈತರು ಒಂದೇ ಒಂದು ಹಳದಿ ಎಲೆಯನ್ನು ಹಿಡಿದು ತಜ್ಞರ ಬಳಿ ಹೋಗುವುದಿಲ್ಲ. ಇಡೀ ಗಿಡವನ್ನು ಬೇರು ಸಹಿತ ಒಯ್ಯುತ್ತಾರೆ. ಬಿತ್ತಿದ ದಿನ, ಹಾಕಿದ ಗೊಬ್ಬರ, ಕೊಟ್ಟ ನೀರು ಎಲ್ಲವನ್ನೂ ಹೇಳುತ್ತಾರೆ. ವಿವರ ಸರಿಯಿದ್ದಷ್ಟೂ ಸಲಹೆ ಸರಿಯಾಗುತ್ತದೆ. ದೂರದಲ್ಲಿರುವ ವೈದ್ಯರಿಂದ ಸಲಹೆ ಪಡೆಯುವ ‘ಟೆಲಿಮೆಡಿಸಿನ್’ ಅಥವಾ ದೂರವೈದ್ಯ ಪದ್ಧತಿಗೂ ಇದೇ ನಿಯಮ ಅನ್ವಯಿಸುತ್ತದೆ.

ಬೆಳೆದು ಬಂದ ಬಗೆ

1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕವೂ ಆ ರಾಜ್ಯಗಳಲ್ಲಿ ಒಂದು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ವಿಷಯವನ್ನು ಹಳ್ಳಿಗರು ನೋಡಿದರು, ಕೇಳಿದರು. ಆದರೆ ಮರುಪ್ರಶ್ನೆ ಹಾಕುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಕಾಲು ಶತಮಾನದ ನಂತರ. 2000ದಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದ ಆಸ್ಪತ್ರೆಗೆ ದೂರದ ನಗರದ ತಜ್ಞರೊಡನೆ ಸಂಪರ್ಕ ಏರ್ಪಟ್ಟಿತು. 2001ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಉಪಗ್ರಹದ ಮೂಲಕ ಇಂಥ ಯೋಜನೆ ಆರಂಭಿಸಿತು. ನಮ್ಮ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಆಗ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿದ್ದ ಸರಗೂರಿನ ಆಸ್ಪತ್ರೆಗಳು ಬೆಂಗಳೂರಿನ ಹೃದಯ ತಜ್ಞರೊಡನೆ ಜೋಡಣೆಗೊಂಡವು. ಹಳ್ಳಿಯ ಕಡೆ ತೆಗೆದ ಇ.ಸಿ.ಜಿ. ಮತ್ತು ಎಕ್ಸ್-ರೇ ಚಿತ್ರಗಳನ್ನು ನಗರದ ವೈದ್ಯರು ಪರದೆಯ ಮೇಲೆ ನೋಡಿ, ರೋಗಿಯೊಡನೆ ಮಾತನಾಡಿ, ಅಲ್ಲಿನ ವೈದ್ಯರಿಗೆ ಸಲಹೆ ಕೊಡುವಂತಾಯಿತು.

2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ‘ಇ-ಸಂಜೀವಿನಿ’ ಆರಂಭವಾಯಿತು. 2020ರ ಮಾರ್ಚ್‌ನಲ್ಲಿ ದೂರವೈದ್ಯಕ್ಕೆ ಅಧಿಕೃತ ನಿಯಮಗಳು ಬಂದವು. ಕೊರೋನಾ ಕಾಲದ ಏಪ್ರಿಲ್‌ನಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಸೌಲಭ್ಯವೂ ಸೇರಿತು. 2023ರ ಹೊತ್ತಿಗೆ ಇ-ಸಂಜೀವಿನಿಯ ಸಮಾಲೋಚನೆಗಳು 10 ಕೋಟಿ ದಾಟಿದವು.

ಕೆಲಸ ನಡೆಯುವ ರೀತಿ

ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯ ರಕ್ತದೊತ್ತಡ, ಜ್ವರ, ಸಕ್ಕರೆ ಪ್ರಮಾಣಗಳನ್ನು ಅಳೆದು, ದೂರದ ವೈದ್ಯರೊಡನೆ ವಿಡಿಯೋ ಮೂಲಕ ಮಾತನಾಡಿಸುತ್ತಾರೆ. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಹೊಟ್ಟೆ ಒತ್ತಿ ನೋಡುವ ಕೈ ಹಳ್ಳಿಯಲ್ಲೇ ಇರಬೇಕು. ಆದ್ದರಿಂದ ಹಳ್ಳಿಯ ಕಡೆ ತರಬೇತಿ ಪಡೆದವರು ಇದ್ದಾಗ ಈ ಪದ್ಧತಿ ಹೆಚ್ಚು ಫಲ ಕೊಡುತ್ತದೆ.

ಸಮಾಲೋಚನೆಗೆ ಮುನ್ನ ಸಿದ್ಧವಿರಬೇಕಾದವು:

1. ತೊಂದರೆ ಎಂದು ಆರಂಭವಾಯಿತು, ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬ ವಿವರ.

2. ಹಳೆಯ ಚೀಟಿಗಳು ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ.

3. ಯಾವ ಔಷಧಿ ಒಗ್ಗುವುದಿಲ್ಲ ಎಂಬ ಮಾಹಿತಿ. ಹೆಂಗಸರಾದರೆ ಗರ್ಭಿಣಿಯೇ ಎಂಬ ವಿಷಯ.

4. ಮಕ್ಕಳಾದರೆ ಜೊತೆಯಲ್ಲಿ ಹಿರಿಯರೊಬ್ಬರು.

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮರುಪರೀಕ್ಷೆಗೆ, ಚರ್ಮದ ತೊಂದರೆಗೆ, ತಜ್ಞರ ಎರಡನೆಯ ಅಭಿಪ್ರಾಯಕ್ಕೆ ಈ ವಿಧಾನ ಬಹಳ ಅನುಕೂಲ. ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಉಳಿಯುತ್ತವೆ.

ಕಾಯಬಾರದ ಸಂದರ್ಭಗಳು

ಕೆಲವು ಸಂದರ್ಭಗಳಲ್ಲಿ ಪರದೆಯ ಮುಂದೆ ಕೂರುವುದೇ ಅಪಾಯ. ಹಾವಿನ ಕಡಿತ, ಕೀಟನಾಶಕದ ವಿಷ, ಎದೆನೋವು, ಉಸಿರಾಟದ ಕಷ್ಟ, ಹೆರಿಗೆಯ ರಕ್ತಸ್ರಾವ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪುವುದು: ಇವುಗಳಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.

ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು; ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ರೋಗಿಯನ್ನು ಸಾಗಿಸಬೇಕು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಆಸ್ಪತ್ರೆಯಲ್ಲೇ ಆಗಬೇಕು. ಸಿಂಪರಣೆ ವೇಳೆ ವಿಷ ತಗಲಿದರೆ ಬಟ್ಟೆ ಕಳಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಬೇಕು. ಕೀಟನಾಶಕದ ಡಬ್ಬವನ್ನು ಚೀಟಿ ಸಹಿತ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆ ವಿಷದ ಜಾತಿಯನ್ನು ಅವಲಂಬಿಸಿದೆ. ಮನೆಯಲ್ಲಿ ವಾಂತಿ ಮಾಡಿಸುವ ಪ್ರಯತ್ನ ಕೂಡದು.

ಮನಸ್ಸಿಗೂ ನೆರವು

ಸಾಲ, ಬೆಳೆ ನಷ್ಟಗಳಿಂದ ನೊಂದವರು ಮನೆಯವರಿಗೂ ಹೇಳಿಕೊಳ್ಳದೆ ಒಳಗೇ ಕೊರಗುವುದುಂಟು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಶುಲ್ಕವಿಲ್ಲ. ನೆರೆಯವರು ಮಾತು ಕಡಿಮೆ ಮಾಡಿದ್ದನ್ನು, ಊಟ ನಿದ್ದೆ ಬಿಟ್ಟಿದ್ದನ್ನು ಕಂಡವರು ಈ ಸಂಖ್ಯೆಯನ್ನು ತಿಳಿಸಿ, ಪಕ್ಕದಲ್ಲಿ ಕುಳಿತು ಕರೆ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರು ರೈತರ ಸಭೆಗಳಲ್ಲಿ ಬೀಜ, ಗೊಬ್ಬರಗಳ ವಿಷಯದೊಡನೆ ಈ ಎರಡು ಸಂಖ್ಯೆಗಳನ್ನೂ ತಿಳಿಸುವುದು ಒಳಿತು. ಪಂಪು ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟರೆ ಆಪತ್ಕಾಲದಲ್ಲಿ ಹುಡುಕುವ ತೊಂದರೆ ತಪ್ಪುತ್ತದೆ.