ಹತ್ತನೇ ತರಗತಿಯೆಂದು ಆಟ ಬಿಡಬೇಡಿ

ಹತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ಕೇರಂ ಬೋರ್ಡು ಅಟ್ಟ ಸೇರುತ್ತದೆ, ಕೊಳಲಿನ ಪಾಠ ನಿಂತುಹೋಗುತ್ತದೆ. ಮಕ್ಕಳೇ, 625 ಅಂಕಗಳ ಎಸ್‌ಎಸ್‌ಎಲ್‌ಸಿ ಮುಖ್ಯವೇ. ಆದರೆ ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಟ್ಯೂಷನ್‌ಗೆ ಹೊರಡುವ ಮುಂಚೆ ಬೀದಿಯಲ್ಲಿ ಶಟಲ್ ಆಡಿ, ಬೆವರು ಒರೆಸಿಕೊಂಡು ಹೋಗಿ.

ಇನ್ನು ನಿದ್ದೆ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಬೇಗ ಕಣ್ಣು ಹತ್ತದಿದ್ದರೆ ಅದು ನಿಮ್ಮ ಸೋಮಾರಿತನವಲ್ಲ (ಅಪ್ಪ ಅಮ್ಮಂದಿರೂ ಇದನ್ನು ಓದಲಿ). ಮೊಬೈಲಿನ ಬೆಳಕು ಸೇರಿದರೆ ಇನ್ನಷ್ಟು ತಡ. ಫೋನು ರಾತ್ರಿ ಹಾಲ್‌ನಲ್ಲೇ ಚಾರ್ಜಿಗಿರಲಿ, ನಿಮಗೆ 8 ಗಂಟೆಯಾದರೂ ನಿದ್ದೆ ಸಿಗಲಿ.

ತಿರುಗಾಟವೂ ಬೇಕು. ಬೆಂಗಳೂರಿನವರಾದರೆ ಒಂದು ರಜೆಯಲ್ಲಿ ಗೆಳೆಯರೊಟ್ಟಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಎಂಜಿನ್ ವಿಭಾಗದಲ್ಲಿ ಗೇರು ಗೇರನ್ನು ತಿರುಗಿಸುವುದನ್ನು ಕಣ್ಣಾರೆ ನೋಡಿದರೆ ಪಾಠದ ಚಿತ್ರಗಳಿಗೆ ಜೀವ ಬರುತ್ತದೆ. ಆಮೇಲೆ ಪಕ್ಕದ ಕಬ್ಬನ್ ಪಾರ್ಕಿನಲ್ಲಿ ಮನಸೋ ಇಚ್ಛೆ ಹರಟಿ. ಯಾರ ಜತೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿಯೇ ಹೊರಡಿ. ತಡವಾಗುವಂತಿದ್ದರೆ ಅವರು ಕೇಳುವ ಮೊದಲೇ ನೀವೇ ಫೋನ್ ಮಾಡಿ.